ಅಟ್ಟ ಸೇರಿದ ಬಳೆಗಳು

ಹೋದ ತಿಂಗಳು ಶಿರಸಿ ಪಕ್ಕದ ಇಸಳೂರಿನಲ್ಲಿ ಬಸ್ಸಿಳಿದು ತಂಗಿಯ ಹೊಸ ಮನೆ ಹುಡುಕುತ್ತ ಹೊರಟಿದ್ದೆ. ಎಲ್ಲ ಮನೆಗಳೂ ಒಂದೇ ಥರ, ಎಲ್ಲ ಗೇಟಿಗೂ ಒಂದೇ ಬಣ್ಣ. ತಿರುವಿನಲ್ಲಿ ಕಿಟಕಿಯ ಗ್ರಿಲ್ ಮಾಡುವ ಅಂಗಡಿಯೊಂದರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಳೆಯ ಲೇತೊಂದು ತಿರುಗುತ್ತಿತ್ತು. ಆ ವಾಸನೆ ಬಂದದ್ದು ಅಲ್ಲಿಂದ. ಲೋಹ ಕೊರೆಯುವಾಗ ಕಾಯದಿರಲೆಂದು ಎಣ್ಣೆ ಬೆರೆಸಿದ ಬಿಳಿ ನೀರು ಬಿಡುತ್ತಾರೆ. ಮಳೆಗಾಲದಲ್ಲಿ ಆ ನೀರು ನಾಲ್ಕೇ ದಿನಕ್ಕೆ ಹುಳಿತು ಕೆಟ್ಟ ಮಜ್ಜಿಗೆಯ ಹಾಗೆ ನಾರುತ್ತದೆ. ನಾನು ಅಲ್ಲೇ ನಿಂತು ಅಂಗೈ ನೋಡಿಕೊಂಡೆ. ಒದ್ದೆಯಾಗಿತ್ತು. ಐವತ್ತರ ಹತ್ತಿರದ ಹೆಂಗಸು ಒಂದು ಹಾಳು ವಾಸನೆಗೆ ಕೈ ಬೆವರಿಸಿಕೊಂಡು ರಸ್ತೆಯಲ್ಲಿ ನಿಲ್ಲುವುದೆಂದರೆ ನಾಚಿಕೆಗೇಡು. ಸೆರಗಿಗೆ ಒರೆಸಿಕೊಂಡು ಮುಂದೆ ನಡೆದೆ. ತಂಗಿ ಕೊಟ್ಟ ಚಹಾ ಕುಡಿಯುವಾಗಲೂ ಮನಸ್ಸು ಎರಡು ಸಾವಿರದ ಒಂದನೇ ಇಸವಿಯ ಆ ಮಳೆಗಾಲದಲ್ಲೇ ಇತ್ತು.

ಆಗ ಇಸಳೂರಿನಲ್ಲಿ ಇಷ್ಟು ಮನೆಗಳಿರಲಿಲ್ಲ. ಈಗ ಆ ಗ್ರಿಲ್ ಅಂಗಡಿಯಿರುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ತಗಡಿನ ಮಾಡಿನ ಒಂದು ಶೆಡ್ಡು ಇತ್ತು. ಅದು ಗಜಣ್ಣನದು. ಗಜಣ್ಣ ಸಿದ್ದಾಪುರ ತಾಲೂಕಿನ ದೊಡ್ಮನೆಯವನು. ಡಿಪ್ಲೊಮಾ ಓದಿ ಬೆಂಗಳೂರಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದು, 'ಅಲ್ಲಿ ಮಾಡೂದನ್ನ ಇಲ್ಲೇ ಮಾಡ್ಲಕ್ಕು' ಎಂದು ಎರಡು ಯಂತ್ರ ತಂದು ಊರಿಗೆ ವಾಪಸು ಬಂದವನು. ಜನ ನಕ್ಕರು. ಶಿರಸಿಯಲ್ಲಿ ಕುಳಿತು ಅಮೆರಿಕದ ಯಂತ್ರಕ್ಕೆ ಬಿಡಿಭಾಗ ಮಾಡುತ್ತೇನೆ ಅಂದರೆ ಯಾರಾದರೂ ನಗುವವರೇ.

ಆದರೆ ಮಾಡುತ್ತಿದ್ದದ್ದು ಅದನ್ನೇ. ಕಂಪ್ಯೂಟರು, ಮೊಬೈಲುಗಳ ಒಳಗೆ ಚಿಪ್ ಇರುತ್ತದಲ್ಲ, ಅದನ್ನು ತಯಾರಿಸುವ ದೊಡ್ಡ ಯಂತ್ರಗಳಿರುತ್ತವೆ. ಅಂಥ ಒಂದು ಯಂತ್ರದ ಹೊಟ್ಟೆಯೊಳಗೆ, ಊಟದ ತಟ್ಟೆಯಷ್ಟು ಅಗಲದ ಚಿಪ್ ಮೂಡಿಸುವ ತೆಳ್ಳನೆಯ ಬಿಲ್ಲೆಯನ್ನು ಅಲುಗಾಡದಂತೆ ಹಿಡಿದಿಡಲು ಅಲ್ಯುಮಿನಿಯಮ್ಮಿನ ಒಂದು ಉಂಗುರ ಬೇಕು. ಬೆಂಗಳೂರಿನ ಕಂಪನಿಯೊಂದು ನಮ್ಮಿಂದ ಆ ಉಂಗುರ ಮಾಡಿಸಿ ಹೊರದೇಶಕ್ಕೆ ಕಳಿಸುತ್ತಿತ್ತು. ನಾವು ಅದನ್ನು ಬಳೆ ಎನ್ನುತ್ತಿದ್ದೆವು. ಒಳಸುತ್ತಿನಲ್ಲಿ ಒಂದು ಸಣ್ಣ ಕಚ್ಚು, ಬಿಲ್ಲೆಯ ಅಂಚು ಕೂರುವುದಕ್ಕೆ. ಆ ಕಚ್ಚು ತಲೆಗೂದಲಿನ ಹತ್ತನೇ ಒಂದು ಪಾಲು ಆಚೀಚೆಯಾದರೂ ಬಳೆ ಕಸದ ಬುಟ್ಟಿಗೆ.

ಬಳೆ ಕೊರೆಯುವವನು ಬಸಣ್ಣ, ಹಾವೇರಿ ಕಡೆಯವನು. ಕಸಕ್ಕೋ ಪೆಟ್ಟಿಗೆಗೋ ಎಂದು ತೀರ್ಮಾನಿಸುವವಳು ನಾನು. ಹುಲಗೋಳದಿಂದ ಬೆಳಗಿನ ಬಸ್ಸಿಗೆ ಬಂದು, ದಪ್ಪ ಅಲ್ಯುಮಿನಿಯಂ ಹಲಗೆಯ ಮೇಜಿನ ಮುಂದೆ ಕೂತರೆ ಸಂಜೆಯವರೆಗೆ ಅಳೆಯುವುದೇ ಕೆಲಸ. 'ದಿನಾ ಬಳೆ ನೋಡೂದು ಎಂತಾ ಕೆಲ್ಸನೇ ಅದು, ಒಂದಾದ್ರೂ ಕೈಗೆ ಹಾಕ್ಕಂಡು ಬರೂಕೆ ಆಗ್ತದಾ?' ಎಂದು ಅಪ್ಪ ಚೇಷ್ಟೆ ಮಾಡುತ್ತಿದ್ದರು. ಬಿ.ಎಸ್ಸಿ. ಮಾಡಿದ ಮಗಳ ಬಗ್ಗೆ ಗದ್ದೆ ಬದುವಿನಲ್ಲಿ ನಿಂತು ಹೇಳಿಕೊಳ್ಳುವುದಕ್ಕೆ ಅವರಿಗೊಂದು ಸರಿಯಾದ ಹೆಸರು ಬೇಕಿತ್ತು, ನನ್ನ ಕೆಲಸಕ್ಕೆ ಹಾಗೆ ಹೆಸರಿರಲಿಲ್ಲ.

ನನ್ನನ್ನು ಆರಿಸಿದ್ದು ಡಿಗ್ರಿ ನೋಡಿ ಅಲ್ಲ, ಕೈ ನೋಡಿ. ಕೆಲವರ ಬೆವರಿನಲ್ಲಿ ಉಪ್ಪು ಜಾಸ್ತಿ. ಅವರು ಮುಟ್ಟಿದ ಲೋಹ ಮಾರನೇ ದಿನಕ್ಕೆ ಕಲೆಗಟ್ಟುತ್ತದೆ. ಯಂತ್ರದ ಕೆಲಸದವರಿಗೆ ಇದು ಗೊತ್ತು. ಕೆಲಸ ಕೇಳಿಕೊಂಡು ಬಂದವರಿಗೆಲ್ಲ ಗಜಣ್ಣ ಕನ್ನಡಿಯಂತೆ ಉಜ್ಜಿದ ಒಂದು ಉಕ್ಕಿನ ತುಂಡು ಕೊಟ್ಟು, ಹೆಬ್ಬೆರಳೊತ್ತಿ ಹಿಡಿದುಕೊಳ್ಳಲು ಹೇಳುತ್ತಿದ್ದ. ಐದು ನಿಮಿಷ ಕಳೆದ ಮೇಲೆ ಅದನ್ನು ಕಿಟಕಿಯ ಮೇಲಿಟ್ಟು, 'ನಾಳೆ ಬಾ' ಅನ್ನುತ್ತಿದ್ದ. ನನ್ನ ಹಿಂದೆ ಮುಂದೆ ಬಂದವರ ಬೆರಳೆಲ್ಲ ಮಾರನೇ ದಿನ ಕಂದು ಬಣ್ಣದಲ್ಲಿ ಮೂಡಿತ್ತು. ನನ್ನದು ಬೆಳ್ಳಗೆ ಹಾಗೇ ಇತ್ತು. ಗಜಣ್ಣ ಆ ತುಂಡನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿ, 'ನೀನು ಮೇಜಿಗೆ' ಅಂದ. ನನಗೆ ಆ ಹೆಮ್ಮೆ ಬಹಳ ದಿನ ಇತ್ತು.

ಎರಡು ಸಾವಿರದ ಇಸವಿ ಪೂರ್ತಿ ನಮಗೆ ಉಸಿರಾಡಲು ಬಿಡುವಿರಲಿಲ್ಲ. ಬೆಂಗಳೂರಿನಿಂದ ದಿನಾ ಫೋನು. ಇನ್ನಷ್ಟು ಕೊಡಿ, ಇನ್ನೂ ಬೇಗ ಕೊಡಿ. ಗಜಣ್ಣ ಮೂರನೆಯ ಯಂತ್ರ ತಂದ, ಇನ್ನೂ ನಾಲ್ವರನ್ನು ಸೇರಿಸಿಕೊಂಡ. ಬಾಳೆಲೆ ಸಿಗದೇ ಹೋದೀತೆಂದು ಮದುವೆ ಮನೆಯವರು ಮೂರು ಕಡೆ ಹೇಳಿಟ್ಟಂತೆ, ಆ ಯಂತ್ರದ ಕಂಪನಿಗಳೂ ಒಂದೇ ಬಳೆಗೆ ಮೂರು ಕಡೆ ಆರ್ಡರು ಕೊಟ್ಟಿದ್ದವು. ಇದು ಆಗ ನಮಗೆ ಗೊತ್ತಿರಲಿಲ್ಲ. ಊಟ ಮುಗಿದ ಮೇಲೆ ಉಳಿದ ಎಲೆ ಯಾರ ತಲೆಯ ಮೇಲೆ ಎಂದು ಯೋಚಿಸುವ ಪುರುಸೊತ್ತೂ ಇರಲಿಲ್ಲ.

ಅದೇ ವರ್ಷದ ಕೊನೆಗೆ ಯಲ್ಲಾಪುರದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯ ಕೆಲಸಕ್ಕೆ ನನಗೆ ಕರೆ ಬಂತು. ಕಾಯಂ ಕೆಲಸ. ಅಪ್ಪ ಆಗಲೇ ಊರೆಲ್ಲ ಹೇಳಿಬಿಟ್ಟಿದ್ದರು. ನಾನು ಕಾಗದ ಹಿಡಿದು ಶೆಡ್ಡಿಗೆ ಹೋದಾಗ ಗಜಣ್ಣ ಅದನ್ನು ಓದಿ, ಮಡಚಿ, ವಾಪಸು ಕೊಟ್ಟ. ಆಮೇಲೆ, 'ಹೋಗ್ಬೇಡ ಅಂತ ಹೇಳೂಕೆ ನಂಗೆ ಹಕ್ಕಿಲ್ಲ ಸುಮಿತ್ರಾ. ಆದ್ರೆ ಆ ಮೇಜಿನ ಮೇಲೆ ನೀ ಕಂಡದ್ದು ಬೇರೆಯವ್ರಿಗೆ ಕಾಣೂದಿಲ್ಲ' ಅಂದ. ಅಷ್ಟು ಸಾಕಾಯಿತು. ನಾನು ಯಲ್ಲಾಪುರಕ್ಕೆ ಹೋಗಲಿಲ್ಲ. ಅಪ್ಪ ಎಂಟು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಒಂಬತ್ತನೇ ದಿನ 'ಬಸ್ಸಿಗೆ ಹೊತ್ತಾಯ್ತಲ' ಅಂದರು.

ಯುಗಾದಿ ಕಳೆಯುವಷ್ಟರಲ್ಲಿ ಫೋನು ಕಡಿಮೆಯಾಯಿತು. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ. ಮೊದಲ ಮಳೆ ಬೀಳುವ ಹೊತ್ತಿಗೆ ಒಂದು ಕಾಗದ ಬಂತು: ಮುಂದಿನ ಸೂಚನೆಯವರೆಗೆ ಬಳೆ ಕಳಿಸಬೇಡಿ. ಕಾರಣ ಕೇಳಿದರೆ, ಮಾರುಕಟ್ಟೆ ತಣ್ಣಗಿದೆ. ಅಷ್ಟೇ.

ನಮಗಾರಿಗೂ ತಲೆಬುಡ ತಿಳಿಯಲಿಲ್ಲ. 'ಅಲ್ರಿ ಸಾವ್ಕಾರ್ರ, ಮಂದಿ ಮೊಬೈಲ್ ತಗೊಳ್ಳೂದು ಬಿಟ್ಟಾರೇನ್ರಿ? ನಮ್ಮೂರಾಗ ಈಗರ ಸುರು ಆಗೇತಿ' ಎಂದ ಬಸಣ್ಣ.

ಗಜಣ್ಣ ಮೇಜಿನ ಅಂಚಿನಲ್ಲಿ ಕೂತು ವಿವರಿಸಿದ. 'ಅಡಿಕೆ ದರ ಒಂಚೂರು ಇಳಿದ್ರೆ ಅಡಿಕೆ ತಿನ್ನೂದು ಯಾರೂ ಬಿಡೂದಿಲ್ಲ ಬಸಣ್ಣ. ಆದ್ರೆ ಹೊಸ ತೋಟ ಹಾಕೂದು ಪೂರಾ ನಿಲ್ಲಿಸ್ತಾರೆ. ಆಗ ಸಸಿ ಮಾರೋನಿಗೆ ಗಿರಾಕಿ ಅರ್ಧ ಅಲ್ಲ, ಒಬ್ರೂ ಇಲ್ಲ. ಚಿಪ್ಪು ಅಂದ್ರೆ ಅಡಿಕೆ, ಆ ಯಂತ್ರ ಅಂದ್ರೆ ಸಸಿ.'

'ಹಂಗಾರ ನಾವು ಸಸಿ ಮಾರೋರೇನ್ರಿ?'

'ನಾವು ಸಸಿ ತುಂಬೂ ಚೀಲ ಹೊಲಿಯೋರು' ಎಂದು ಗಜಣ್ಣ ನಕ್ಕ. ನಮಗೂ ನಗು ಬಂತು. ನಕ್ಕಾದ ಮೇಲೆ ಎಲ್ಲರ ಕಣ್ಣೂ ನಿಂತ ಯಂತ್ರಗಳ ಕಡೆ ಹೋಯಿತು.

ಇನ್ನು ಗಜಣ್ಣ ಮಾಡಿದ ಆ ಕೆಲಸದ ಬಗ್ಗೆ ಹೇಳಬೇಕು. ಬೇರೆ ಯಾವ ಊರಿನ ಕಾರ್ಖಾನೆಯವನೂ ಅದನ್ನು ಮಾಡುತ್ತಿರಲಿಲ್ಲ ಎಂದು ನನಗೆ ಖಾತ್ರಿಯಿದೆ. ಅವನ ಮನೆಯಲ್ಲಿ ದರ ಬಿದ್ದ ವರ್ಷ ಅಡಿಕೆ ಮಾರುವ ಪದ್ಧತಿ ಇಲ್ಲ. ಒಣಗಿಸಿ, ಮೂಟೆ ಕಟ್ಟಿ, ಅಟ್ಟಕ್ಕೆ ಹಾಕುತ್ತಾರೆ. ಒಂದು ವರ್ಷವೋ ಮೂರು ವರ್ಷವೋ, ದರ ಬಂದಾಗ ಇಳಿಸುತ್ತಾರೆ. ಅವನ ಅಜ್ಜ ಹೀಗೇ ಮಾಡಿದ್ದ, ಅಪ್ಪನೂ ಮಾಡಿದ್ದ. ಮೃಗಶಿರ ಮಳೆ ಹಿಡಿದ ವಾರ ಗಜಣ್ಣ ದೊಡ್ಮನೆಯಿಂದ ಲಾರಿಯಲ್ಲಿ ಅಡಿಕೆ ಮರ ಸೀಳಿದ ದಬ್ಬೆ ತರಿಸಿದ. ಶೆಡ್ಡಿನ ಹಿಂಭಾಗದಲ್ಲಿ ಮಾಡಿನ ಕೆಳಗೆ ಅಟ್ಟ ಕಟ್ಟಿಸಿದ. ಥಂಡಿ ಹಿಡಿಯದಿರಲೆಂದು ಕೆಳಗೆ ನಾಲ್ಕು ದೊಡ್ಡ ಬಲ್ಬು ತೂಗುಹಾಕಿದ.

'ಯಾರನ್ನೂ ಮನೆಗೆ ಕಳ್ಸೂದಿಲ್ಲ. ಲೋಹ ಇರೂವರೆಗೆ ಬಳೆ ಮಾಡೂದು, ಅಟ್ಟಕ್ಕೆ ಹಾಕೂದು. ದರ ಬಂದಾಗ ನಮ್ಮ ಹತ್ರ ರಾಶಿ ಬಿದ್ದಿರ್ತದೆ, ಬೇರೆಯವ್ರು ಆಗಷ್ಟೇ ಯಂತ್ರ ಒರೆಸ್ತಾ ಇರ್ತಾರೆ' ಅಂದ.

ಬಸಣ್ಣ ನನ್ನ ಕಿವಿಯಲ್ಲಿ, 'ಅಕ್ಕಾರ, ಅಡಿಕಿಗೆ ನಕ್ಷಾ ಇರೂದಿಲ್ರಿ' ಎಂದ. ಅವನ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ. ನನಗೆ ಬೇಕಾದದ್ದು ಒಂದೇ, ಬೆಳಗಿನ ಬಸ್ಸು ಹತ್ತುವುದು ನಿಲ್ಲದಿದ್ದರೆ ಸಾಕಿತ್ತು. ಯಲ್ಲಾಪುರ ಬಿಟ್ಟು ಕೂತವಳು ಈಗ ಶೆಡ್ಡು ಮುಚ್ಚಿತು ಎಂದು ಅಪ್ಪನ ಮುಂದೆ ಹೇಗೆ ನಿಲ್ಲಲಿ?

ಜೂನು ಕಳೆಯಿತು. ನಾನು ಅಳೆದು, ಕಾಗದ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಹತ್ತು ಹತ್ತರ ಕಟ್ಟು ಕಟ್ಟಿ ಕೊಟ್ಟೆ. ಅಟ್ಟ ತುಂಬುತ್ತ ಬಂತು. ಮಳೆಯ ಸದ್ದಿಗೆ ತಗಡಿನ ಕೆಳಗೆ ಮಾತೇ ಕೇಳುತ್ತಿರಲಿಲ್ಲ, ಎಲ್ಲರೂ ಕೈಸನ್ನೆಯಲ್ಲಿ ಕೆಲಸ ಮಾಡುತ್ತಿದ್ದೆವು. ಜುಲೈಯಲ್ಲಿ ಎಲ್ಲೋ ನೆಲದೊಳಗಿನ ತಂತಿಗೆ ನೀರು ನುಗ್ಗಿ ಫೋನೂ ಸತ್ತಿತು.

ಆ ಸೋಮವಾರ ಗಜಣ್ಣ ಸಿದ್ದಾಪುರಕ್ಕೆ ಹೋಗಿದ್ದ. ಅಂಚೆಯವನು ಕೊಡೆ ಮಡಚಿ ಒಂದು ದಪ್ಪ ಲಕೋಟೆ ಕೊಟ್ಟು ಹೋದ. ಬೆಂಗಳೂರಿನದು. ಆರ್ಡರು ಬಂತೆಂದು ಸಂಭ್ರಮದಲ್ಲಿ ಬಿಚ್ಚಿದೆ. ಒಳಗೆ ಬಳೆಯ ನಕ್ಷೆ ಇತ್ತು. ನಕ್ಷೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತದೆ, ಅದು ಎಷ್ಟನೇ ತಿದ್ದುಪಡಿ ಎಂದು ತಿಳಿಸಲು. ನಾವು ಎರಡು ವರ್ಷದಿಂದ ಮಾಡುತ್ತಿದ್ದದ್ದು ಬಿ. ಆ ಚೌಕದಲ್ಲಿ ಈಗ ಸಿ ಎಂದಿತ್ತು.

ಬದಲಾದದ್ದು ಇಷ್ಟೇ: ಒಳಗಿನ ಕಚ್ಚು ಅರ್ಧ ಮಿಲಿಮೀಟರು ಈಚೆಗೆ ಬಂದಿತ್ತು. ಒಮ್ಮೆ ಕೊರೆದ ಕಚ್ಚನ್ನು ತುಂಬಲು ಬರುವುದಿಲ್ಲ. ಅಟ್ಟದ ಮೇಲಿದ್ದ ಐನೂರು ಚಿಲ್ಲರೆ ಬಳೆಗಳೂ ಇನ್ನು ಬರೀ ಅಲ್ಯುಮಿನಿಯಂ. ಬಸಣ್ಣನ ಮಾತು ಆಗ ಅರ್ಥವಾಯಿತು. ಅವನ ಕಡೆ ನೋಡಿದೆ. ಮೇಲಿಂದ ಬಿಳಿ ನೀರು ಬಿಟ್ಟುಕೊಂಡು, ಇನ್ನೊಂದು ಬಿ ಬಳೆಗೆ ಕಚ್ಚು ಕೊರೆಯುತ್ತಿದ್ದ. ಈ ಕಾಗದ ಗಜಣ್ಣ ಕಂಡರೆ ಇವತ್ತೇ ಯಂತ್ರ ನಿಲ್ಲುತ್ತದೆ, ನಾಳೆ ಬೆಳಿಗ್ಗೆ ಬಸ್ಸಿಲ್ಲ. ಇಷ್ಟೇ ನನ್ನ ತಲೆಯಲ್ಲಿ ಬಂದದ್ದು. ನಕ್ಷೆಯ ಹಿಂದೆ ಇನ್ನೊಂದು ಹಾಳೆ ಮಡಚಿಟ್ಟಿತ್ತು. ಬಿಚ್ಚಲಿಲ್ಲ. ಎಲ್ಲವನ್ನೂ ಲಕೋಟೆಗೆ ತುರುಕಿ ಮೇಜಿನ ಡ್ರಾಯರಿನ ತಳಕ್ಕೆ ಹಾಕಿ ಮೇಲೆ ಹತ್ತಿಯ ಗ್ಲೌಸುಗಳ ರಾಶಿ ಹಾಕಿದೆ.

ನಾಳೆ ಹೇಳುತ್ತೇನೆ ಅಂದುಕೊಂಡೆ. ಮಂಗಳವಾರ ಗಜಣ್ಣ ನಗುತ್ತ ಬಂದ, ಅವತ್ತು ಹೇಳಲಾಗಲಿಲ್ಲ. ಬುಧವಾರ ಮುಖ ಗಂಟಿಕ್ಕಿಕೊಂಡು ಬಂದ, ಅವತ್ತೂ ಆಗಲಿಲ್ಲ. ಹೀಗೆ ಹನ್ನೊಂದು ದಿನ. ಅಷ್ಟೂ ದಿನ ನಾನು ಯಾರಿಗೂ ಬೇಡದ ಬಳೆಗಳನ್ನು ಅಳೆದೆ, ಒಂದೂ ಬಿಡದೆ. ಒಂದೆರಡು ಕಸಕ್ಕೂ ಹಾಕಿದೆ, ಎಂಥ ನಾಟಕ. ಅನ್ನ ಸೇರುತ್ತಿರಲಿಲ್ಲ. ಅಂಗೈ ಸದಾ ಒದ್ದೆ. ಗ್ಲೌಸು ಹಾಕಿದ ಅರ್ಧ ಗಂಟೆಗೆ ಹಿಂಡಿದರೆ ನೀರಿಳಿಯುವ ಹಾಗಿರುತ್ತಿತ್ತು, ಬಿಚ್ಚಿಟ್ಟು ಬರಿಗೈಯಲ್ಲೇ ಬಳೆ ಹಿಡಿಯುತ್ತಿದ್ದೆ. ಮಳೆಗಾಲದ ಥಂಡಿ ಅಂದುಕೊಂಡೆ. ಅಮ್ಮನಿಗೂ ಹಾಗೇ ಹೇಳಿದೆ.

ಹನ್ನೊಂದನೇ ದಿನ ಗಜಣ್ಣ ಅಟ್ಟ ಹತ್ತಿದ. ಬಲ್ಬಿನ ಕಾವು ಸಾಕೋ ಬೇಕೋ ಎಂದು ನೋಡಲು ಮೇಲಿನಿಂದ ಒಂದೊಂದೇ ಕಟ್ಟು ಬಿಚ್ಚಿದ್ದಾನೆ. ಇಳಿದು ಬಂದವನ ಕೈಯಲ್ಲಿ ಒಂದು ಬಳೆ ಇತ್ತು. ನನ್ನ ಮುಂದೆ ಮೇಜಿನ ಮೇಲಿಟ್ಟ. ಅದರ ಅಂಚಿನಲ್ಲಿ ಬೂದುಬಣ್ಣದ ಒಂದು ಹೆಬ್ಬೆರಳು ಮೂಡಿತ್ತು, ಗೆರೆ ಗೆರೆ ಕಾಣುವಷ್ಟು ಚೆನ್ನಾಗಿ.

'ಇದು ಬಸಣ್ಣನ ಕೈ ಅಲ್ಲ' ಅಂದ. 'ನಿನ್ನ ಕೈಯಾ?'

ನಾನು ಎರಡೂ ಕೈ ಮೇಜಿನ ಕೆಳಗೆ ಎಳೆದುಕೊಂಡೆ.

'ನಿನ್ನ ಕೈ ಹೀಂಗಲ್ಲ. ನಾ ಕಂಡಿದ್ನಲ. ಹತ್ತು ದಿನದ ಈಚೆಗಿನ ಎಲ್ಲಾ ಕಟ್ಟಲ್ಲೂ ಹೀಂಗೇ ಅದೆ. ಅದ್ಕೂ ಹಿಂದಿಂದು ಸರಿ ಅದೆ. ಎಂತ ಆಗದೆ ನಿಂಗೆ? ಮೈ ಸರಿ ಇಲ್ವಾ?'

ಬೈದಿದ್ದರೆ ಇನ್ನೂ ಎರಡು ದಿನ ಮುಚ್ಚಿಡುತ್ತಿದ್ದೆನೋ ಏನೋ. ಮೈ ಸರಿ ಇಲ್ವಾ ಎಂದು ಕೇಳಿಬಿಟ್ಟ. ಡ್ರಾಯರು ಎಳೆದು, ಗ್ಲೌಸು ಸರಿಸಿ, ಲಕೋಟೆ ತೆಗೆದುಕೊಟ್ಟೆ. ಅವನು ಮೊದಲು ನೋಡಿದ್ದು ಅಂಚೆಯ ಮುದ್ರೆ, ಆಮೇಲೆ ನಕ್ಷೆಯ ಚೌಕ. ಕೊನೆಗೆ ನಾನು ಬಿಚ್ಚದ ಆ ಹಾಳೆ ಬಿಚ್ಚಿದ. ಓದುತ್ತ ಓದುತ್ತ ಸ್ಟೂಲಿನ ಮೇಲೆ ಕೂತ.

ಹಾಳೆಯಲ್ಲಿದ್ದದ್ದು ಇದು: ಕೆಲಸ ಕಡಿಮೆಯಾಗಿರುವುದರಿಂದ ಬಳೆ ಮಾಡುವ ಮೂವರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. ಹೊಸ ನಕ್ಷೆಯ ಪ್ರಕಾರ ಹತ್ತು ಮಾದರಿ ಹದಿನೈದು ದಿನದೊಳಗೆ ಕಳಿಸಿ. ನೋಡಿ ತೀರ್ಮಾನಿಸುತ್ತೇವೆ.

ಗಜಣ್ಣ ಗಾಬರಿಯಾದರೆ ಮನೆಮಾತಿಗೆ ಇಳಿಯುತ್ತಿದ್ದ. 'ಇನ್ನು ನಾಕೇ ದಿನ ಇದ್ದು' ಅಂದ. ಲೋಹವಿಡುವ ಕಪಾಟು ಖಾಲಿಯಿದ್ದದ್ದನ್ನು ನೋಡಿದ. 'ಲೋಹ ಇಲ್ಲೆ. ಇಪ್ಪದೆಲ್ಲಾ ಬಿ ಮಾಡಿ ಮುಗ್ಸಿದ್ಯ. ಆನು ಎಂತ ಮಾಡ್ಲಿ ಈಗ?'

ಆ ಹನ್ನೊಂದು ದಿನದಲ್ಲಿ ನಾವು ಕಡೆಯ ತುಂಡಿನವರೆಗೂ ಲೋಹ ಕೊರೆದು ಅಟ್ಟಕ್ಕೆ ಹಾಕಿದ್ದೆವು. ನಾನು ಮೊದಲ ದಿನವೇ ಹೇಳಿದ್ದರೆ ಹತ್ತಲ್ಲ, ಐವತ್ತು ಸಿ ಬಳೆ ಮಾಡಬಹುದಿತ್ತು. ಯಾವ ಬಸ್ಸು ತಪ್ಪಬಾರದೆಂದು ಕಾಗದ ಅಡಗಿಸಿದೆನೋ ಆ ಬಸ್ಸನ್ನು ನಾನೇ ತಪ್ಪಿಸಿದ್ದೆ, ಎಲ್ಲರಿಗೂ. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಗಜಣ್ಣ ಕೊಡೆ ಹಿಡಿದು ಶಿರಸಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಬೆಂಗಳೂರಿಗೆ ಫೋನು ಮಾಡಿ ಬಂದ. ದಿನ ಮುಂದೆ ಹಾಕುವುದಿಲ್ಲ, ಇನ್ನಿಬ್ಬರು ಆಗಲೇ ಕಳಿಸಿದ್ದಾರೆ ಎಂಬ ಉತ್ತರ. ಆ ಜಾತಿಯ ಲೋಹ ಹುಬ್ಬಳ್ಳಿಯಲ್ಲೂ ಇರಲಿಲ್ಲ. ಒದ್ದೆ ಕೊಡೆ ಬಾಗಿಲಲ್ಲೇ ಬಿಟ್ಟು ಒಳಗೆ ಬಂದು ನಿಂತ. ಬಸಣ್ಣ ನನ್ನ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಬಡಿದ.

'ಇದೂ ಅದೇ ಲೋಹ ಅಲ್ಲೇನ್ರಿ?'

ಅದೇ ಲೋಹ. ಶೆಡ್ಡು ಶುರುಮಾಡಿದ ವರ್ಷ ಗಜಣ್ಣ ಬಳೆಯ ಲೋಹದ ಜೊತೆಯಲ್ಲೇ ತರಿಸಿ, ಸಮ ಮಾಡಿಸಿ, ಮೇಜಿಗೆ ಹಾಕಿಸಿದ ಹಲಗೆ. ನಾನು ಮೂರು ವರ್ಷ ಅದರ ಮೇಲೆ ಅಳೆದಿದ್ದೆ. ಅದರಲ್ಲಿ ಎಂಟು ಬಳೆಗೆ ಮಾತ್ರ ಜಾಗವಿತ್ತು. ಗಜಣ್ಣ ಹಲಗೆಯನ್ನೂ ನನ್ನನ್ನೂ ನೋಡಿ, 'ಎದ್ದೇಳು' ಅಂದ.

ನಾಲ್ಕು ದಿನ ನನಗೆ ಈಗಲೂ ಒಂದೇ ದಿನದಂತೆ ನೆನಪಿದೆ. ಮಳೆ ಬಿಡಲಿಲ್ಲ. ಕರೆಂಟು ಹೋದಾಗೆಲ್ಲ ಯಂತ್ರ ನಡುವೆಯೇ ನಿಂತು, ಮತ್ತೆ ಶುರುವಾಗುವಾಗ ಬಳೆಯಲ್ಲಿ ಗೀರು ಬೀಳುವುದೋ ಎಂದು ಜೀವ ಹೋಗಿ ಬರುತ್ತಿತ್ತು. ಬಸಣ್ಣ ಊಟಕ್ಕೂ ಯಂತ್ರ ಬಿಟ್ಟು ಕದಲಲಿಲ್ಲ. ಮೇಜಿಲ್ಲದ್ದರಿಂದ ಗಜಣ್ಣ ಮನೆಯ ಕಪಾಟಿನ ದಪ್ಪ ಗಾಜು ಬಿಚ್ಚಿ ತಂದುಕೊಟ್ಟ. ನಾನು ಅದರ ಮೇಲಿಟ್ಟು ಅಳೆದೆ. ಬರಿಗೈ ತಾಗದಂತೆ ಅಂಚಿನಲ್ಲಿ ಕಾಗದ ಹಿಡಿದು ಎತ್ತಿದೆ. ಎಂಟರಲ್ಲಿ ಆರು ಸರಿಯಿದ್ದವು. ಎರಡರಲ್ಲಿ ಕಚ್ಚು ಒಂಚೂರು ದಾಟಿತ್ತು. ಬರಿಗಣ್ಣಿಗೆ ಕಾಣುವಂಥದ್ದಲ್ಲ.

'ಹತ್ತು ಕೇಳಿದ್ದಾರೆ' ಎಂದ ಗಜಣ್ಣ. 'ಎಂಟಾದ್ರೂ ಕಳಿಸ್ಬೇಕಲ ಮಾರಾಯ್ತಿ. ಅವ್ರು ಎಲ್ಲಾ ಅಳೀತಾರಾ?'

ನಾನು ಹೂಂ ಎಂದು ತಲೆಯಾಡಿಸಿದೆ. ನನ್ನ ತಪ್ಪಿನಿಂದಲೇ ಇಷ್ಟಾಗಿರುವಾಗ ಅವನ ಮಾತಿಗೆ ಇಲ್ಲ ಅನ್ನುವ ಮುಖ ನನಗೆಲ್ಲಿತ್ತು. ಆದರೂ ಆ ಎರಡನ್ನು ಸರಿಯ ಕಡೆ ಸರಿಸಲು ಕೈ ಏಳಲಿಲ್ಲ. ಒಮ್ಮೆ ಮುಚ್ಚಿಟ್ಟದ್ದೇ ಇನ್ನೂ ಎದೆಯಲ್ಲಿ ಹೊರಳುತ್ತಿತ್ತು. 'ಇವೆರಡು ಸರಿ ಇಲ್ಲ ಗಜಣ್ಣ' ಅಂದೆ. ಅವನು ಬಹಳ ಹೊತ್ತು ಗಾಜಿನ ಮೇಲೆ ಬಗ್ಗಿಕೊಂಡಿದ್ದ. ಆಮೇಲೆ ಆರನ್ನೇ ಪೆಟ್ಟಿಗೆಗೆ ಹಾಕಿ, ಸಂಜೆಯ ಬೆಂಗಳೂರು ಬಸ್ಸಿಗೆ ತಾನೇ ಹೊತ್ತುಕೊಂಡು ಹೋದ.

ನಮ್ಮನ್ನು ಆರಿಸಲಿಲ್ಲ. ಚೌತಿ ಕಳೆದು ಎರಡು ಸಾಲಿನ ಕಾಗದ ಬಂತು. ಹತ್ತರ ಬದಲು ಆರು ಕಳಿಸಿದ್ದಕ್ಕೋ, ಕೊನೆಯ ದಿನ ಕಳಿಸಿದ್ದಕ್ಕೋ, ಇನ್ನೊಬ್ಬರ ಬಳೆ ನಮ್ಮದಕ್ಕಿಂತ ಚೆನ್ನಾಗಿತ್ತೋ, ಕಾರಣ ಬರೆದಿರಲಿಲ್ಲ. ಕಾರಣ ಗೊತ್ತಾಗದ್ದರಿಂದ ನನಗೆ ಎಲ್ಲವೂ ನನ್ನ ಹನ್ನೊಂದು ದಿನವೇ ಎನಿಸಿತು. ಗಜಣ್ಣ ನನಗೆ ಒಂದು ಮಾತೂ ಅನ್ನಲಿಲ್ಲ. ನವರಾತ್ರಿಯ ಆಯುಧಪೂಜೆಗೆ ಮೂರೂ ಯಂತ್ರ ಒರೆಸಿ, ಹೂವೇರಿಸಿ, ಮಾರನೇ ದಿನ ಶೆಡ್ಡಿಗೆ ಬೀಗ ಹಾಕಿದ. ಬಸಣ್ಣ ಹುಬ್ಬಳ್ಳಿಗೆ ಹೋದ. ನಾನು ಶಿರಸಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತೆ. ಅಪ್ಪ ಯಲ್ಲಾಪುರದ ಹೆಸರು ಎತ್ತಲಿಲ್ಲ, ಎತ್ತಿದ್ದರೇ ಚೆನ್ನಾಗಿತ್ತು. ಔಷಧಿಯ ಬಾಟಲಿ ಮುಟ್ಟುವಾಗಲೂ ಕೈ ಒರೆಸಿಕೊಳ್ಳುವ ಅಭ್ಯಾಸವಾಯಿತು. ಅಂಗಡಿಯವರು ನಾನು ಬಹಳ ಶುಚಿ ಎಂದು ಹೊಗಳುತ್ತಿದ್ದರು.

ಎರಡೂವರೆ ವರ್ಷವಾದ ಮೇಲೆ, ಒಂದು ಬೆಳಿಗ್ಗೆ ಗಜಣ್ಣ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಪ್ರತ್ಯಕ್ಷನಾದ. ತಲೆ ಅರ್ಧ ಬೆಳ್ಳಗಾಗಿತ್ತು. 'ದರ ಬಂತು' ಅಂದ. ನನಗೆ ಅಡಿಕೆಯದೇ ಅನಿಸಿತು.

ಬೆಂಗಳೂರಿನಿಂದ ಫೋನು ಬಂದಿತ್ತಂತೆ. ಚಿಪ್ಪಿನ ಪೇಟೆ ಎದ್ದಿದೆ, ಎಲ್ಲೆಲ್ಲೂ ಮತ್ತೆ ಅದೇ ಗಡಿಬಿಡಿ. ಹೊಸ ಯಂತ್ರ ಸಾಲದೆ, ಮೂಲೆಗೆ ತಳ್ಳಿದ್ದ ಹಳೆಯ ಯಂತ್ರಗಳ ಹೊದಿಕೆಯನ್ನೂ ತೆಗೆದಿದ್ದಾರೆ. ಆ ಹಳೆಯವಕ್ಕೆ ಬೇಕಾದದ್ದು ಬಿ ಬಳೆ. ಅದನ್ನು ಮಾಡುವವರು ಈಗ ಯಾರೂ ಇಲ್ಲ. ನಿಮ್ಮಲ್ಲಿ ಹಳೆಯವೇನಾದರೂ ಉಳಿದಿವೆಯೇ ಎಂದು ಕೇಳಿದ್ದರು. ಗಜಣ್ಣ ಅಟ್ಟ ಇಳಿಸಿಯೇ ಇರಲಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿದರೂ ಕೊಟ್ಟಿರಲಿಲ್ಲ.

'ನಮ್ಮ ಅಜ್ಜನ ಬುದ್ಧಿ ಅಡ್ಡಿಲ್ಲೆ, ಹದಾ ಇದ್ದು' ಎಂದು ನಕ್ಕ. ನಗು ನಿಂತ ಮೇಲೆ, 'ಆದ್ರೆ ಕಟ್ಟು ಬಿಚ್ಚಿ ನೋಡೂರು ಬೇಕಲ' ಅಂದ.

ಶೆಡ್ಡಿನ ಒಳಗೆ ಧೂಳು, ಜೇಡರ ಬಲೆ, ಒಣಗಿ ಹಳದಿಗಟ್ಟಿದ ಬಿಳಿ ನೀರಿನ ಕಲೆ. ಬಸಣ್ಣ ಆಗಲೇ ಹುಬ್ಬಳ್ಳಿಯಿಂದ ಬಂದು ಯಂತ್ರ ಒರೆಸುತ್ತಿದ್ದ. 'ಬರ್ರಿ ಅಕ್ಕಾರ' ಎಂದಷ್ಟೇ ಹೇಳಿದ. ನಾನು ಎರಡು ದಿನ ಕೂತು ಕಟ್ಟು ಬಿಚ್ಚಿದೆ. ಲಕೋಟೆ ಬರುವ ಮೊದಲಿನ ಬಳೆಗಳೆಲ್ಲ ನಿನ್ನೆ ಮಾಡಿದಂತಿದ್ದವು. ಕೊನೆಯ ಒಂಬತ್ತು ಕಟ್ಟು ಉಳಿದವು, ಲಕೋಟೆ ಬಂದ ಮೇಲಿನವು. ಒಂದೊಂದರ ಅಂಚಿನಲ್ಲೂ ನನ್ನ ಹೆಬ್ಬೆರಳು, ಎರಡೂವರೆ ವರ್ಷದಲ್ಲಿ ಲೋಹವನ್ನು ತಿಂದು ಗುಳಿ ಮಾಡಿತ್ತು. ನಾನೇ ಒಂದೊಂದನ್ನೂ ಎತ್ತಿ ಕಸದ ಬುಟ್ಟಿಗೆ ಹಾಕಿದೆ. ಗಜಣ್ಣ ಪಕ್ಕದಲ್ಲಿ ನಿಂತು ನೋಡಿದ. ಒಂದನ್ನೂ ಇರಲಿ ಬಿಡು ಅನ್ನಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಕಪಾಟಿನಿಂದ ಆ ಹಳೆಯ ಉಕ್ಕಿನ ತುಂಡು ತೆಗೆದ. ಉಜ್ಜುಕಾಗದದಿಂದ ಹೊಳೆಯುವವರೆಗೆ ಉಜ್ಜಿದ. ನನ್ನ ಮುಂದೆ ಹಿಡಿದು, 'ಹಿಡಿ' ಅಂದ. ಬೇಡ ಎಂದು ಹೇಳಬೇಕೆನಿಸಿತು. ಹೆಬ್ಬೆರಳೊತ್ತಿ ಹಿಡಿದೆ. ಐದು ನಿಮಿಷದ ನಂತರ ಅವನು ಅದನ್ನು ಕಿಟಕಿಯ ಮೇಲಿಟ್ಟು, 'ನಾಳೆ ಬಾ' ಅಂದ.

ಹುಲಗೋಳಕ್ಕೆ ಹೋಗಿ ಉಂಡೆನೋ ಬಿಟ್ಟೆನೋ ನೆನಪಿಲ್ಲ. ಬೆಳಗಿನ ಮೊದಲ ಬಸ್ಸಿಗೇ ಬಂದೆ. ಗಜಣ್ಣ ಇನ್ನೂ ಬಂದಿರಲಿಲ್ಲ, ಬಸಣ್ಣ ಬಾಗಿಲು ತೆರೆದ. ನೇರ ಕಿಟಕಿಗೆ ಹೋಗಿ ತುಂಡು ಬೆಳಕಿಗೆ ಹಿಡಿದೆ. ನಟ್ಟನಡುವೆ ಕಂದುಬಣ್ಣದ ಬೆರಳು ಮೂಡಿತ್ತು. ಗೆರೆ ಎಣಿಸಬಹುದಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಚೀಲ ಹೆಗಲಿಗೆ ಹಾಕಿಕೊಂಡು ತಿರುಗಿದರೆ ಬಾಗಿಲಲ್ಲಿ ಗಜಣ್ಣ. ನನ್ನ ಕೈಯಿಂದ ತುಂಡು ತೆಗೆದುಕೊಂಡು ನೋಡಿದ. ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದ. ಆಮೇಲೆ ತನ್ನ ಚೀಲದಿಂದ ಒಂದು ಕಟ್ಟು ಗ್ಲೌಸು ತೆಗೆದು ಗಾಜಿನ ಮೇಲಿಟ್ಟ.

'ಹತ್ತೀದು ಒಳಗೆ, ರಬ್ಬರಿಂದು ಮೇಲೆ' ಅಂದ. 'ಎರಡೆರಡು ಹಾಕ್ಕೊ.'

ಹಿಂದಿನ ಸಂಜೆಯೇ ಪೇಟೆಯಿಂದ ತಂದಿಟ್ಟಿದ್ದ. ಬೆರಳು ಮೂಡುವ ಮೊದಲೇ.

ಗ್ಲೌಸು ಹಾಕಿಕೊಂಡು ಕೂತೆ. ಕಣ್ಣು ಒರೆಸಿಕೊಳ್ಳಲು ಅದನ್ನು ಮತ್ತೆ ಬಿಚ್ಚಬೇಕಾಯಿತು. ಮಧ್ಯಾಹ್ನ ಅಂಚೆಯವನು ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಒಂದು ಲಕೋಟೆ ಕೊಟ್ಟ. ಬೆಂಗಳೂರಿನದು. ನಾನು ಅದನ್ನು ಬಿಚ್ಚಲಿಲ್ಲ. ಎರಡು ಜೊತೆ ಗ್ಲೌಸು ಹಾಕಿದ ಕೈಯಲ್ಲೇ ಹಿಡಿದು, ಯಂತ್ರಗಳ ನಡುವೆ ಓಡಿಹೋಗಿ ಗಜಣ್ಣನ ಕೈಗೆ ಕೊಟ್ಟೆ.